ಕೋಟೆಯ ಬಾಗಿಲು ತೆಗೆದವಳು ನಾನಲ್ಲ

ಆಟದ ಮುಖ್ಯ ನಿರ್ವಾಹಕರಾದ ಮಾನ್ಯರೇ,

ನಾನು ನಿಮ್ಮ ಆಟಕ್ಕೆ ಕಟ್ಟಿಕೊಟ್ಟ ವೃತ್ತಿಯೊಂದನ್ನು ನೀವು ಹೇಳದೆ ಕೇಳದೆ ಕೆಡಿಸಿದ್ದೀರಿ, ಅದರಿಂದಾಗಿ ನಾನು ಹತ್ತು ಜನರ ಕಣ್ಣಲ್ಲಿ ದ್ರೋಹಿಯಾಗಿದ್ದೇನೆ. ಇದು ನನ್ನ ದೂರು. ಇದನ್ನೇ ನಿಮ್ಮ ಆಟದ ಸೂಚನಾ ಫಲಕದಲ್ಲಿ ವಿನಯದಿಂದ ಬರೆದಿದ್ದೆ. ಅಳಿಸಿದಿರಿ. ಮತ್ತೆ ಬರೆದೆ, ಮತ್ತೆ ಅಳಿಸಿದಿರಿ. ಅಚ್ಚಾದ ಪತ್ರಿಕೆಯನ್ನು ಅಳಿಸುವ ಗುಂಡಿ ನಿಮ್ಮ ಕೀಲಿಮಣೆಯಲ್ಲಿ ಇನ್ನೂ ಬಂದಿಲ್ಲ ಎಂಬ ಧೈರ್ಯದ ಮೇಲೆ ಚಿಕ್ಕಬಳ್ಳಾಪುರದ ಈ ವಾರಪತ್ರಿಕೆಗೆ ಕೊಡುತ್ತಿದ್ದೇನೆ.

ಈ ಪತ್ರಿಕೆ ಓದುವವರಲ್ಲಿ ಹೆಚ್ಚಿನವರು ನಿಮ್ಮ ಆಟ ಕಂಡವರಲ್ಲ, ಅವರಿಗೂ ತಿಳಿಯಲಿ. ಟೆಲಿಫೋನ್ ತಂತಿಯ ಮೂಲಕ ಊರೂರಿನ ಕಂಪ್ಯೂಟರುಗಳಿಂದ ಜನ ಒಟ್ಟಿಗೆ ಆಡುವ ಆಟ ಇದು. ಚಿತ್ರಗಳಿಲ್ಲ, ಬರೀ ಅಕ್ಷರ. ಒಬ್ಬ ರಾಜನಾಗುತ್ತಾನೆ, ಒಬ್ಬ ಕಮ್ಮಾರನಾಗುತ್ತಾನೆ, ನಾವು ಟೈಪ್ ಮಾಡಿದ ಆಜ್ಞೆಯಂತೆ ನಮ್ಮ ಪಾತ್ರ ನಡೆಯುತ್ತದೆ, ಕಾದಾಡುತ್ತದೆ. ನಾನು ಶಿಡ್ಲಘಟ್ಟದಲ್ಲಿ ಕಂಪ್ಯೂಟರ್ ಕಲಿಸುವವಳು. ಹೋದ ವರ್ಷ, ಅಂದರೆ ತೊಂಬತ್ತೆಂಟರಲ್ಲಿ, ಪಾತ್ರಗಳಿಗೆ ಹೊಸ ವೃತ್ತಿಗಳನ್ನು ರೂಪಿಸಿ ಕಳಿಸಿ ಎಂದು ನೀವು ಆಟಗಾರರನ್ನೆಲ್ಲ ಕೇಳಿದಿರಿ. ಉಳಿದವರು ಮಂತ್ರವಾದಿ, ಬೇಟೆಗಾರ ಎಂದು ಕಳಿಸಿದರು. ನಾನು ಕಳಿಸಿದ್ದು ಕೂಲಿ ಸಿಪಾಯಿಯನ್ನು. ನೀವು ಮೆಚ್ಚಿ, ಬೆನ್ನು ತಟ್ಟಿ, ಆಟದೊಳಗೆ ಸೇರಿಸಿಕೊಂಡಿರಿ.

ಆ ಸಿಪಾಯಿ ನನ್ನ ತಲೆಯಲ್ಲಿ ಹುಟ್ಟಿದವಳಲ್ಲ, ನಮ್ಮ ಮನೆಯಲ್ಲೇ ಇದ್ದವಳು. ನನ್ನ ತಾಯಿ ಗಂಗುಲಮ್ಮ ಕೂಲಿ ಹೆಂಗಸರ ಗುಂಪೊಂದರ ಮುಂದಾಳು. ರೇಷ್ಮೆ ಹುಳು ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಅದನ್ನು ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಅದಕ್ಕೆ ನಾಳೆ ಎಂಬುದಿಲ್ಲ. ತಡವಾದರೆ ಹುಳು ಕಸದ ಮೇಲೇ ನೂಲು ಬಿಟ್ಟು ಬೆಳೆ ಕೆಡುತ್ತದೆ. ಹಾಗಾಗಿ ಹುಳು ಹಣ್ಣಾಗುವ ಮುಂಚೆಯೇ ಮನೆಯವರು ಬಂದು ಅಮ್ಮನ ಕೈಗೆ ಎಲೆ ಅಡಿಕೆ ಕೊಟ್ಟು ಹೋಗುತ್ತಾರೆ. ತೆಗೆದುಕೊಂಡರೆ ಮಾತು ಕೊಟ್ಟ ಹಾಗೆ. ಕೆಲಸ ಮುಗಿಯುವ ತನಕ ಗುಂಪು ಆ ಮನೆ ಬಿಡುವಂತಿಲ್ಲ. ಮನೆಯವರೂ ಅಷ್ಟೇ, ಹುಳುವಿಗೆ ರೋಗ ಬಿದ್ದು ಆರಿಸಲು ಏನೂ ಉಳಿಯದಿದ್ದರೂ ಊಟ ಹಾಕದೆ, ಕೂಲಿ ಕೊಡದೆ ಕಳಿಸುವಂತಿಲ್ಲ.

ಒಮ್ಮೆ ಮುನಿಶಾಮಪ್ಪ ಎಂಬ ಸಣ್ಣ ಹಿಡುವಳಿದಾರರ ಮನೆಯಲ್ಲಿ ಕೆಲಸ ಅರ್ಧ ಆಗಿತ್ತು. ನಾನೂ ಅಲ್ಲೇ ಕೂತು ಹುಳು ಆರಿಸುತ್ತಿದ್ದೆ. ಊರಿನ ದೊಡ್ಡ ಜಮೀನುದಾರರಾದ ಆವಲಪ್ಪನವರು ತಾವೇ ಬಂದು ಬಾಗಿಲಲ್ಲಿ ನಿಂತರು. ಅವರ ಮನೆಯ ಹುಳು ಎಣಿಸಿದ್ದಕ್ಕಿಂತ ಬೇಗ ಹಣ್ಣಾಗಿಬಿಟ್ಟಿತ್ತು.

"ಏಮ್ಮಾ ಗಂಗುಲಮ್ಮಾ, ಎದ್ದು ಬನ್ರಮ್ಮ ಎಲ್ಲಾರೂ. ಇಲ್ಲಿ ಕೊಡೋದರ ಎರಡರಷ್ಟು ಕೊಡ್ತೀನಿ."

ಅಮ್ಮ ತಲೆ ಎತ್ತಲಿಲ್ಲ. "ಎಲೆ ಅಡಿಕೆ ಈಸ್ಕೊಂಡಾಯ್ತು ಸ್ವಾಮಿ. ಇಲ್ಲಿ ಮುಗಿಸ್ಕೊಂಡು ಓಡಿ ಬರ್ತೀವಿ."

"ಅಷ್ಟೊತ್ತಿಗೆ ನನ್ನ ಬೆಳೆ ಹೋಯ್ತದೆ ಕಣಮ್ಮ!"

"ಎದ್ದು ಬಂದ್ರೆ ಇವರ್ದು ಹೋಯ್ತದಲ್ಲ ಸ್ವಾಮಿ."

ಆವಲಪ್ಪನವರು ಆಮೇಲೆ ಬಹಳ ಕಾಲ ನಮ್ಮ ಗುಂಪನ್ನು ಕರೆಯಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯ ಒಲೆ ಹೇಗೆ ಉರಿಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮ ಮನೆಯ ವಿಷಯ. ಆದರೆ ಅಮ್ಮ ಆ ಮಾತಿಗೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿದ್ದನ್ನು ನಾನು ಕಾಣೆ.

ಇದನ್ನೇ ನಾನು ನಿಮ್ಮ ಆಟಕ್ಕೆ ಕೊಟ್ಟದ್ದು. ರಾಜನಾದವನು 'ಎಲೆ ಅಡಿಕೆ ಕೊಡು' ಎಂಬ ಆಜ್ಞೆ ಟೈಪ್ ಮಾಡಬೇಕು, ಸಿಪಾಯಿ ಒಪ್ಪಿ ತೆಗೆದುಕೊಳ್ಳಬೇಕು. ಅಲ್ಲಿಂದ ಕಾಳಗ ಮುಗಿಯುವ ತನಕ ಇಬ್ಬರೂ ಒಬ್ಬರಿಗೊಬ್ಬರು ಕಟ್ಟುಬಿದ್ದವರು. ಎಷ್ಟು ಸರಳ! ತಮಗೆ ಮಾತ್ರ ಬೇಸರವಾಯಿತು. 'ಅನಗತ್ಯ ವಿಳಂಬ' ಎಂದು ಎಲೆ ಅಡಿಕೆಯ ಆಜ್ಞೆಯನ್ನು ಕಿತ್ತುಹಾಕಿದಿರಿ. ಅದರ ಜಾಗದಲ್ಲಿ ಹರಾಜು ತಂದಿರಿ. ಕಾಳಗದ ನಡುವೆಯೇ ಎದುರಾಳಿ ಹೆಚ್ಚಿನ ಬೆಲೆ ಕೂಗಿದರೆ ಸಿಪಾಯಿ ಆ ಕ್ಷಣವೇ ಅವನವಳು. ಅವಳನ್ನು ಒಂದು ಮಾತು ಕೇಳುವುದೂ ಇಲ್ಲ. ಕಾರಣವನ್ನು ತಾವೇ ಒಂದು ಸಾಲಿನಲ್ಲಿ ಅಪ್ಪಣೆ ಕೊಡಿಸಿದಿರಿ: 'ಬಾಡಿಗೆಗೆ ಬರುವವರಿಗೆ ನಿಷ್ಠೆ ಇರುವುದು ವಾಸ್ತವಕ್ಕೆ ದೂರ.'

ಯಾವ ವಾಸ್ತವ, ಮಾನ್ಯರೇ? ತಮಗೆ ಸಂಬಳ ಬರುವುದಿಲ್ಲವೇ? ಹೊಟ್ಟೆ ಕೊಯ್ದಿಟ್ಟ ಡಾಕ್ಟರು ಪಕ್ಕದ ಹಾಸಿಗೆಯವನು ಹೆಚ್ಚು ಕೊಡುತ್ತೇನೆಂದರೆ ಕತ್ತರಿ ಬಿಟ್ಟು ಅತ್ತ ಹೋಗುತ್ತಾರೆಯೇ? ಚಿಂತಾಮಣಿ ಬಸ್ಸಿನ ಡ್ರೈವರು ಕೈವಾರದ ಹತ್ತಿರ ಬಸ್ಸು ನಿಲ್ಲಿಸಿ ಎದುರಿಗೆ ಬಂದ ಲಾರಿ ಹತ್ತಿಕೊಳ್ಳುತ್ತಾನೆಯೇ? ಅವರಿಗೆಲ್ಲ ಇರುವ ನಿಯತ್ತು ಕೂಲಿಯವರ ಹತ್ತಿರ ಬಂದ ಕೂಡಲೇ 'ವಾಸ್ತವಕ್ಕೆ ದೂರ' ಆಗುವುದು ಹೇಗೆ? ನಿಮ್ಮ ಆಟದ ರಾಜರು ಒಬ್ಬರಿಗೊಬ್ಬರು ಬೆನ್ನಿಗೆ ಚೂರಿ ಹಾಕುವುದನ್ನು ರಾಜನೀತಿ ಎನ್ನುತ್ತೀರಿ. ಅವರನ್ನು ಯಾಕೆ ಹರಾಜಿಗೆ ಇಡಲಿಲ್ಲ? ನನಗೆ ಕೆಟ್ಟ ಸಿಟ್ಟು ಬಂದಿದೆ, ಅದನ್ನು ಬಚ್ಚಿಡುವುದಿಲ್ಲ.

ಈಗ ನಡೆದದ್ದನ್ನು ಕೇಳಿ. ತೊಂಡೇಬಾವಿಯ ಕೊಂಡಪ್ಪ ಗೌರಿಬಿದನೂರಿನಲ್ಲಿ ನನ್ನ ಹಾಗೆಯೇ ಕಂಪ್ಯೂಟರ್ ಕಲಿಸುವವನು. ಪರಿಚಯವಾದದ್ದು ನಿಮ್ಮ ಆಟದಲ್ಲೇ. ಇಬ್ಬರೂ ಸೇರಿ ಚಿಕ್ಕಬಳ್ಳಾಪುರದಲ್ಲಿ ಸ್ವಂತ ತರಬೇತಿ ಕೇಂದ್ರ ತೆರೆಯುವುದೆಂದು ಮಾತಾಗಿತ್ತು, ಮಳಿಗೆಯನ್ನೂ ನೋಡಿ ಬಂದಿದ್ದೆವು. ಆಟದಲ್ಲಿ ಅವನದೊಂದು ಕೋಟೆ. ಇಡೀ ವರ್ಷ ಕಲ್ಲು ಕಲ್ಲು ಕೂಡಿಸಿ ಕಟ್ಟಿ, ಅದಕ್ಕೆ ತನ್ನ ತಾಯಿಯ ತವರಾದ ನಗರಗೆರೆಯ ಹೆಸರಿಟ್ಟಿದ್ದ. ಅದರ ಬಾಗಿಲು ಕಾಯುವ ಕೂಲಿ ಸಿಪಾಯಿ ನಾನು. ಅವನಿಂದ ಎಲೆ ಅಡಿಕೆ ತೆಗೆದುಕೊಂಡಿದ್ದೆ. ಹಳೆಯ ಕರಾರುಗಳಿಗೂ ಹೊಸ ನಿಯಮ ತಗಲುತ್ತದೆ ಎಂದು ನೀವು ಯಾರಿಗೂ ಹೇಳಿರಲಿಲ್ಲ.

ಹೋದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮುತ್ತಿಗೆ ಬಿತ್ತು. ಎರಡು ಸಲ ಹಿಮ್ಮೆಟ್ಟಿಸಿದೆವು. ಮೂರನೆಯ ಸಲ ಅವರು ಸೇತುವೆ ದಾಟುತ್ತಿದ್ದಾಗ ನನ್ನ ಪರದೆಯ ಮೇಲೆ ಒಂದು ಸಾಲು ಬಂತು: 'ನಿನ್ನ ಒಡೆಯ ಬದಲಾಗಿದ್ದಾನೆ.' ಅರ್ಥವಾಗುವುದರೊಳಗೆ ಇನ್ನೊಂದು: 'ನೀನು ಬಾಗಿಲು ತೆರೆದೆ.' ನಾನು ತೆರೆದಿರಲಿಲ್ಲ! ಮುಚ್ಚು, ಮುಚ್ಚು ಎಂದು ಒಂದೇ ಸಮನೆ ಟೈಪ್ ಮಾಡಿದೆ. 'ಒಡೆಯನ ಅಪ್ಪಣೆ ಇಲ್ಲ' ಎಂದಿತು ನಿಮ್ಮ ಯಂತ್ರ. ಕೊಂಡಪ್ಪನಿಗೆ ಕೂಗಿ ಹೇಳೋಣವೆಂದರೆ ಎದುರು ಪಕ್ಷದವರ ಜತೆ ಮಾತಾಡುವಂತಿಲ್ಲವಂತೆ.

ಫೋನ್ ಮಾಡಬೇಕು. ನಾನು ಕಲಿಸುವ ಕೇಂದ್ರಕ್ಕೆ ಇರುವುದು ಒಂದೇ ಲೈನು, ಅದರಲ್ಲೇ ಆಟ ನಡೆಯುತ್ತಿತ್ತು. ಹಿಂದೆ ಮುಂದೆ ನೋಡದೆ ಮೋಡೆಮ್ಮಿನ ತಂತಿ ಕಿತ್ತು ಫೋನಿಗೆ ಸಿಕ್ಕಿಸಿ ಡಯಲ್ ಮಾಡಿದೆ. ಎಂಗೇಜ್. ಅವನದೂ ಒಂದೇ ಲೈನು, ಅವನೂ ಅದೇ ಆಟದಲ್ಲಿದ್ದ. ಮತ್ತೆ ಡಯಲ್ ಮಾಡಿದೆ, ಮತ್ತೆ ಎಂಗೇಜ್. ತಂತಿಯನ್ನು ಮತ್ತೆ ಮೋಡೆಮ್ಮಿಗೆ ಸಿಕ್ಕಿಸಿದೆ. ತಿರುಗಿ ಆಟದೊಳಗೆ ಹೋಗುವಷ್ಟರಲ್ಲಿ ಕೋಟೆ ಬಿದ್ದಿತ್ತು. ನಾನು ತಂತಿ ಕಿತ್ತದ್ದನ್ನೇ ಪಲಾಯನವೆಂದು ಎಣಿಸಿ ಎಲ್ಲರ ಪರದೆಯ ಮೇಲೂ ನಿಮ್ಮ ಯಂತ್ರ ಸಾರಿತ್ತು: 'ಅನಸೂಯ ಬಾಗಿಲು ತೆರೆದು ಪರಾರಿಯಾದಳು.'

ಅವತ್ತೇ ಸಂಜೆ ಕೊಂಡಪ್ಪನ ಫೋನು ಬಂತು. "ಯಾಕಮ್ಮ ಅನಸೂಯ ಹಿಂಗ್ಮಾಡ್ದೆ? ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ?" ನಾನು ಹೇಳಿದ್ದು ಯಾವುದೂ ಅವನ ಕಿವಿಗೆ ಹೋಗಲಿಲ್ಲ. "ಆಟದಾಗೇ ಹಿಂಗಾದ್ರೆ ನಾಳೆ ವ್ಯವಹಾರದಾಗೆ ಏನ್ ಗತಿ? ಮಳಿಗೆ ಬೇಡ ಬಿಡು," ಎಂದು ಇಟ್ಟುಬಿಟ್ಟ.

ಅಮ್ಮನಿಗೆ ಹೇಳಿಕೊಂಡು ಅತ್ತೆ. ಅವಳಿಗೆ ಮೋಡೆಮ್ಮೂ ಗೊತ್ತಿಲ್ಲ, ಕೋಟೆಯೂ ಗೊತ್ತಿಲ್ಲ. ಒಂದೇ ಕೇಳಿದಳು: "ಬಾಗ್ಲು ನೀನ್ ತೆಗ್ದ್ಯಾ?"

"ಇಲ್ಲಮ್ಮ. ಅದೇ ತಕ್ಕೊಂತು."

"ಅಂಗಾದ್ರೆ ಹೋಗಿ ಎದುರಿಗೆ ನಿಂತ್ಕೊಂಡು ಹೇಳು. ಎಲೆ ಅಡಿಕೆ ಕೊಟ್ಟೋರು ಅವರು."

ಮಾರನೆಯ ದಿನ ಗೌರಿಬಿದನೂರಿಗೆ ಹೋಗಿ ಹೇಳಿದೆ. ಕೊಂಡಪ್ಪ ಕೂರಿಸಿ ಕಾಫಿ ತರಿಸಿದ, ಮುಖ ಮಾತ್ರ ನೋಡಲಿಲ್ಲ. "ಆಟ ನಡ್ಸೋರು ಒಂದ್ ಮಾತು ಹೇಳ್ಲಿ ಕಣಮ್ಮ, ನಂಬ್ತೀನಿ," ಎಂದ. ಅದಕ್ಕೇ ನಿಮಗೆ ಬರೆದದ್ದು. 'ನಿಯಮ ಸರಿಯಾಗಿಯೇ ಕೆಲಸ ಮಾಡಿದೆ' ಎಂಬುದು ತಮ್ಮ ಉತ್ತರ. ನಿಯಮ ಸರಿ ಇತ್ತೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ ಮಾನ್ಯರೇ. ಬಾಗಿಲು ತೆಗೆದವರು ಯಾರು ಎಂದು ಕೇಳಿದ್ದೆ.

ನನ್ನ ಪಾತ್ರವನ್ನು ನಾನು ಅಳಿಸಿಲ್ಲ. ಹೊಸ ಒಡೆಯ ಕರೆದಾಗ ನಿಮ್ಮ ನಿಯಮ ಅವಳನ್ನು ಎಳೆದುಕೊಂಡು ಹೋಗುತ್ತದೆ. ಬಿಟ್ಟ ಕೂಡಲೇ ವಾಪಸು ನಡೆಸಿಕೊಂಡು ಬಂದು ಬಿದ್ದ ನಗರಗೆರೆ ಕೋಟೆಯ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಹೋಗಿ ಬರುವವರು ಉಗಿಯುತ್ತಾರೆ, ಉಗಿಯಲು ನೀವು ಆಜ್ಞೆ ಇಟ್ಟಿದ್ದೀರಲ್ಲ. ಹೋದ ಭಾನುವಾರ ಕೊಂಡಪ್ಪನ ರಾಜ ಅಲ್ಲಿಗೆ ಬಂದ. ನಮ್ಮಿಬ್ಬರ ನಡುವೆ ಮಾತು ನಿಷಿದ್ಧ. ಅವನು ಹಳೆಯ ಆಜ್ಞೆಯೊಂದನ್ನು ಟೈಪ್ ಮಾಡಿದ. ನಿಮ್ಮ ಯಂತ್ರದ ಉತ್ತರ ಅಲ್ಲಿದ್ದ ಎಲ್ಲರ ಪರದೆಯ ಮೇಲೂ ಮೂಡಿತು: 'ಎಲೆ ಅಡಿಕೆ ಕೊಡು: ಇಂಥ ಆಜ್ಞೆ ಇಲ್ಲ.' ಅವನು ಇನ್ನೊಮ್ಮೆ ಟೈಪ್ ಮಾಡಿದ. ಇಲ್ಲ ಎಂದಿರಿ. ಅವನು ಹೊರಟುಹೋದ.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆ ಬಾಗಿಲು ತೆಗೆದದ್ದು ಅನಸೂಯ ಅಲ್ಲ, ನಿಮ್ಮ ನಿಯಮ ಎಂದು ನಿಮ್ಮ ಫಲಕದಲ್ಲಿ ಒಂದು ಸಾಲು ಬರೆಯಿರಿ, ಅಳಿಸಬೇಡಿ. ಹರಾಜು ತೆಗೆಯಿರಿ. ಕಿತ್ತುಹಾಕಿದ ಆ ಆಜ್ಞೆಯನ್ನು ಇದ್ದ ಜಾಗದಲ್ಲೇ ಇಡಿ. ಕೊಂಡಪ್ಪ ಮತ್ತೆ ಬಂದು ಕೈ ಚಾಚಿದರೆ ತೆಗೆದುಕೊಳ್ಳಲು ನಾನು ಬಾಗಿಲಲ್ಲೇ ಇದ್ದೇನೆ.

ಇಂತಿ,
ತಮ್ಮ ಯಂತ್ರದ ಪ್ರಕಾರ ಪರಾರಿಯಾಗಿರುವ,
ಕೂಲಿ ಗಂಗುಲಮ್ಮನ ಮಗಳು
ಅನಸೂಯ, ಶಿಡ್ಲಘಟ್ಟ