ದೆವ್ವಕ್ಕೆ ನೀರು ಕೊಟ್ಟವಳು ಅನುತ್ತೀರ್ಣ

ಮಾನ್ಯ ಅಧ್ಯಕ್ಷರೇ, ಹಾಗೂ ಏಪ್ರಿಲ್ ಎರಡನೆಯ ಭಾನುವಾರ ಬೆಳಿಗ್ಗೆ ಪಾರ್ಕಿನ ಪಂಪ್‌ಹೌಸಿನಲ್ಲಿ ದೆವ್ವದ ಹೆಚ್ಚುವರಿ ಪ್ರಭಾರ ವಹಿಸಿಕೊಂಡಿದ್ದವರೇ,

ನನ್ನ ಆರೂವರೆ ವರ್ಷದ ಮಗಳು ಮೇಘಶ್ರೀ ಈಗ ಕಾಲಿಂಗ್ ಬೆಲ್ ಸದ್ದಾದರೆ ಮಂಚದ ಕೆಳಗೆ ಸೇರಿಕೊಳ್ಳುತ್ತಾಳೆ. ಕುಮಾರಸ್ವಾಮಿ ಲೇಔಟಿನ ನಮ್ಮ ನಿವಾಸಿಗಳ ಸಂಘ ಅವಳನ್ನು ಎರಡು ವಾರದಲ್ಲಿ ಎರಡು ಸಲ ಪರೀಕ್ಷಿಸಿ, ಮೊದಲ ಸಲ ಹೆದರಲಿಲ್ಲವೆಂದೂ ಎರಡನೆಯ ಸಲ ಹೆದರಿದಳೆಂದೂ ಫೇಲು ಮಾಡಿದ ಮೇಲೆ ಆದದ್ದು ಇದು. ಆ ಫಲಿತಾಂಶಗಳನ್ನು ನೀವು ಹಾಲಿನ ಬೂತಿಗೆ ಬಂದವರೆಲ್ಲ ಓದುವ ಹಾಗೆ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದಿರಿ. ಆದ್ದರಿಂದ ಈ ಪತ್ರವನ್ನೂ ಅದರ ಪಕ್ಕದಲ್ಲೇ ಅಂಟಿಸಿದ್ದೇನೆ. ಗೋಂದು ನನ್ನದೇ.

ಹಿನ್ನೆಲೆ ತಿಳಿಯದವರಿಗಾಗಿ ಎರಡು ಮಾತು. ಬೇಸಿಗೆ ರಜೆಯಲ್ಲಿ ಸಂಘದ ಹಾಲ್‌ನಲ್ಲಿ ಮಕ್ಕಳಿಗೊಂದು ಸಿನಿಮಾ ತೋರಿಸುವುದು ನಮ್ಮಲ್ಲಿ ವಾಡಿಕೆ. ಈ ವರ್ಷ ಮಕ್ಕಳೆಲ್ಲ ಸೇರಿ ದೆವ್ವದ ಸಿನಿಮಾನೇ ಬೇಕೆಂದರು. ಸಣ್ಣ ಮಕ್ಕಳಿಗೆ ತೋರಿಸಬೇಕೋ ಬೇಡವೋ ಎನ್ನುವುದನ್ನು ತಂದೆತಾಯಿಯೇ ತೀರ್ಮಾನಿಸಲಿ ಎಂದು ಆ ಸಿನಿಮಾದ ಸರ್ಕಾರಿ ಪ್ರಮಾಣಪತ್ರದಲ್ಲೇ ಇದೆ. ನೀವು ಒಪ್ಪಲಿಲ್ಲ. "ಪೇರೆಂಟ್ಸ್‌ಗೆ ಏನ್ ಸಾರ್ ಗೊತ್ತಿರತ್ತೆ?" ಎಂದು ಸಭೆಯಲ್ಲಿ ಕೇಳಿದಿರಿ. ನಾವು ಪೇರೆಂಟ್ಸೆಲ್ಲ ಹೌದಲ್ಲವಾ ಎಂದು ತಲೆಯಾಡಿಸಿದೆವು. ಅಲ್ಲೇ ಏಳು ಜನರ ‘ಬಾಲ ಧೈರ್ಯ ಪರಿಶೀಲನಾ ಉಪಸಮಿತಿ’ ಹುಟ್ಟಿತು. ನಿಮ್ಮನ್ನೂ ಸೇರಿ ಏಳೂ ಜನ ನಿವೃತ್ತರು. ಅವರ ಪೈಕಿ ಕೊನೆಯ ಸಲ ಮಗುವಾಗಿದ್ದವರು ಯಾರು, ಯಾವ ಇಸವಿಯಲ್ಲಿ ಎಂದು ಕೇಳುವ ಧೈರ್ಯ ನಮಗಾರಿಗೂ ಬರಲಿಲ್ಲ.

ಅರ್ಜಿ ನಾಲ್ಕು ಪುಟ. ಅಭ್ಯರ್ಥಿಯು ಈ ಹಿಂದೆ ದೆವ್ವವನ್ನು ಕಂಡಿದ್ದಲ್ಲಿ ಸ್ಥಳ, ದಿನಾಂಕ ಮತ್ತು ಇಬ್ಬರು ಸಾಕ್ಷಿಗಳ ಸಹಿ. ಕತ್ತಲೆಯಲ್ಲಿ ಒಟ್ಟು ಅನುಭವ ಎಷ್ಟು ವರ್ಷ? ಆರೂವರೆ ಎಂದು ಬರೆದೆ. ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ, ಒಂದು ಸಹಜ ಸ್ಥಿತಿಯಲ್ಲಿ, ಒಂದು ಬೆಚ್ಚಿಬಿದ್ದ ಸ್ಥಿತಿಯಲ್ಲಿ. ಎರಡನೆಯದಕ್ಕಾಗಿ ಬನಶಂಕರಿಯ ಸ್ಟುಡಿಯೋದವರು ಇಪ್ಪತ್ತು ನಿಮಿಷ ಹೆಣಗಿದರು. ಮಗು ಬೆಚ್ಚಲೇ ಇಲ್ಲ, ಬಿದ್ದುಬಿದ್ದು ನಕ್ಕಿತು. ಕಡೆಗೆ ಅವರು ಅರ್ಜಿ ಓದುತ್ತ ಕೂತಿದ್ದ ನನ್ನ ಮುಖವನ್ನೇ ತೆಗೆದುಕೊಟ್ಟರು. ಉಪಸಮಿತಿ ಅದನ್ನು ಯಾವ ತಕರಾರೂ ಇಲ್ಲದೆ ಸ್ವೀಕರಿಸಿತು. ಇಷ್ಟೆಲ್ಲ ಏಕೆ ತುಂಬಿದಿರಿ ಅನ್ನಬೇಡಿ. ನಾನು ಇಳಕಲ್ಲಿನಿಂದ ಬಂದು ಹನ್ನೊಂದು ವರ್ಷದಿಂದ ಬಾಡಿಗೆ ಮನೆಯಲ್ಲಿರುವವನು. ಯಾರು ಯಾವ ಫಾರಂ ಕೊಟ್ಟರೂ ತುಂಬಿಬಿಡುತ್ತೇನೆ.

ಇನ್ನು ಪರೀಕ್ಷೆ. ಮಗುವನ್ನು ಪಂಪ್‌ಹೌಸಿನೊಳಗೆ ಬಿಟ್ಟು ಬಾಗಿಲು ಹಾಕುವುದು, ಮೂರು ನಿಮಿಷದ ನಂತರ ಬಿಳಿ ಬೆಡ್‌ಶೀಟ್ ಹೊದ್ದ ತಾವು ಮೋಟಾರಿನ ಹಿಂದಿನಿಂದ ಏಳುವುದು. ಒಳಗೆ ನಡೆದದ್ದನ್ನು ನಿಮ್ಮ ವರದಿಯ ಮಾತಲ್ಲೇ ಹೇಳುತ್ತೇನೆ: ‘ಪ್ರೇತವು ಸಮೀಪಿಸಿ ಊಳಿಟ್ಟಾಗ ಅಭ್ಯರ್ಥಿಯು ತನ್ನ ಬಾಟಲಿಯ ಮುಚ್ಚಳ ತೆಗೆದು ಪ್ರೇತಕ್ಕೆ ನೀರು ನೀಡಲು ಮುಂದಾದರು. ಭಯದ ಪರಿಜ್ಞಾನವಿಲ್ಲ. ಚಿತ್ರ ಅರ್ಥವಾಗಲಾರದು. ಅನುತ್ತೀರ್ಣ.’ ವರದಿಯಲ್ಲಿ ಇಲ್ಲದ ಒಂದು ಸಂಗತಿಯನ್ನು ಮಗಳು ಹೊರಗೆ ಬಂದು ಹೇಳಿದಳು. "ಆ ಅಂಕಲ್‌ಗೆ ತುಂಬಾ ಸೆಕೆ ಆಗ್ತಿತ್ತಪ್ಪಾ. ನೀರು ಕೊಟ್ರೆ ಬೇಡ ಅಂದ್ಬಿಟ್ರು."

ಇದರಲ್ಲಿ ಅವಳ ತಪ್ಪೇನು ಹೇಳಿ? ನಮ್ಮ ಮನೆಯಲ್ಲಿ ನಡೆಯುವುದು ನಮ್ಮವ್ವ ತಂಗೆವ್ವನ ಕಾನೂನು. ಬಾಗಿಲಿಗೆ ಯಾರೇ ಬರಲಿ, ಮೊದಲು ತಂಬಿಗೆ ನೀರು. ಮೀಟರ್ ಓದುವವರು, ಓಟು ಕೇಳುವವರು, ಯಾರದೋ ಪಾರ್ಸೆಲ್ಲು ಹಿಡಿದು ನಮ್ಮ ಮನೆಗೆ ಬಂದವರು, ಎಲ್ಲರಿಗೂ. "ಮೊದ್ಲ ನೀರ ಕೊಡು. ಯಾರು, ಏನು ಅಂತ ಆಮ್ಯಾಲೆ ಕೇಳು" ಎನ್ನುತ್ತಾಳೆ ಅವ್ವ. ಕೈಯಲ್ಲಿ ತಂಬಿಗೆ ನಿಲ್ಲುವಷ್ಟು ಬೆಳೆದ ದಿನದಿಂದ ಈ ಕೆಲಸ ಮೇಘಶ್ರೀಯದೇ, ಬೇರೆಯವರು ಮುಟ್ಟಿದರೆ ಜಗಳ. ದೆವ್ವವಾದರೇನು, ಬಂದವರು ಬಂದವರೇ ತಾನೆ? ಪಾಪ, ಎಷ್ಟು ದೂರದಿಂದ ಬಂದಿರುತ್ತದೋ.

ಇಲ್ಲಿಂದ ಮುಂದಿನದು ನನ್ನ ತಪ್ಪು. ಅದನ್ನೂ ಇದೇ ಬೋರ್ಡಿನಲ್ಲಿ ಹಾಕುತ್ತಿದ್ದೇನೆ. ಮೇಘಶ್ರೀ ಮೊದಲ ಫಲಿತಾಂಶದ ನೋಟಿಸಿನಲ್ಲಿ ತನ್ನ ಹೆಸರನ್ನು ಅಕ್ಷರ ಕೂಡಿಸಿ ಓದಿ, ಪಕ್ಕದ ಪದವನ್ನು ನನ್ನಿಂದ ಓದಿಸಿಕೊಂಡಳು. "ನಾನು ಹೆದರ್ಕೋಬೇಕಿತ್ತಾ ಅಪ್ಪಾ?" ಎಂದಳು. ಇಲ್ಲ ಪುಟ್ಟಿ ಅನ್ನಬೇಕಿತ್ತು. ನಾನು, ಮುಂದಿನ ಭಾನುವಾರ ಮರುಪರೀಕ್ಷೆ ಇದೆ ಅಂದೆ. ಬೆಂಗಳೂರಿನಲ್ಲಿ ಮಗು ಫೇಲಾದರೆ ಅಪ್ಪ ಏನು ಮಾಡುತ್ತಾನೆ? ಟ್ಯೂಷನ್ ಕೊಡಿಸುತ್ತಾನೆ. ಹೆದರಿಕೆಗೆ ಜಯನಗರದಲ್ಲೂ ಕೋಚಿಂಗ್ ಸೆಂಟರ್ ಸಿಗಲಿಲ್ಲವಾದ್ದರಿಂದ ನಾನೇ ಮಾಸ್ತರನಾದೆ. ಆಫೀಸಿನಿಂದ ಬಂದವನೇ ಬೆಡ್‌ಶೀಟ್ ಹೊದ್ದುಕೊಳ್ಳುತ್ತಿದ್ದೆ. ಮೊದಲು ಕಣ್ಣು ದೊಡ್ಡದು ಮಾಡು, ಆಮೇಲೆ ಕಿರುಚು, ಆಮೇಲೆ ಬಾಗಿಲಿಗೆ ಓಡು. "ಹೆದರಾಕ ಟ್ಯೂಷನ್ ಏನೋ ತಮ್ಮಾ?" ಎಂದು ಕೇಳಿದ ಅವ್ವ ಆ ವಾರವೆಲ್ಲ ನನಗೆ ಬೆನ್ನು ಹಾಕಿ ಕೂತಳು. ಮೊದಲ ಮೂರು ದಿನ ಮಗು ಕಿರುಚುವ ಬದಲು ನಗುತ್ತಿತ್ತು. ಐದನೆಯ ದಿನ ಕಿರುಚಿತು. ನಾನು ಬೆಡ್‌ಶೀಟ್ ತೆಗೆದೆ. ಅವಳು ನಿಲ್ಲಿಸಲಿಲ್ಲ. ಭಂಡ ನಾನು, ಈಗ ಚೆನ್ನಾಗಿ ಬರ್ತಿದೆ ಎಂದು ಖುಷಿಪಟ್ಟೆ.

ಮರುಪರೀಕ್ಷೆಯ ವರದಿ ಒಂದೇ ಸಾಲು: ‘ಅಭ್ಯರ್ಥಿಯಲ್ಲಿ ಭಯ ಮಿತಿಮೀರಿದೆ; ಚಿತ್ರ ಸೂಕ್ತವಲ್ಲ.’ ಹಾಗಾದರೆ ಮಿತಿ ಎಷ್ಟು ಸ್ವಾಮಿ? ಅದನ್ನು ಅಳೆಯುವುದು ಲೀಟರಿನಲ್ಲೋ, ಮೊಳದಲ್ಲೋ? ಇಪ್ಪತ್ತಮೂರು ಮಕ್ಕಳಲ್ಲಿ ಹದಿನಾಲ್ವರು ಹೆದರದೆ ಫೇಲು, ಒಂಬತ್ತು ಜನ ಹೆದರಿ ಫೇಲು. ಪಾಸಾದವರು ಸೊನ್ನೆ. ಆದರೂ ಕಾರ್ಯಕ್ರಮ ರದ್ದು ಮಾಡಲು ಬೈಲಾದಲ್ಲಿ ಅವಕಾಶವಿಲ್ಲವೆಂದು, ಶನಿವಾರ ಸಂಜೆ ಆರಕ್ಕೆ ಒಂದೂ ಮಗುವಿಲ್ಲದ ಮಕ್ಕಳ ಸಿನಿಮಾವನ್ನು ಉಪಸಮಿತಿಯ ಏಳು ಜನ ಕೂತು ನೋಡಿದಿರಿ.

ಇಂಟರ್‌ವಲ್‌ಗೆ ಏಳೂ ಜನ ಹೊರಗೆ ಬಂದಿರಂತೆ. ಒಳಗೆ ಮತ್ತೆ ಯಾರೂ ಹೋಗಲಿಲ್ಲವಂತೆ. ತಾವಂತೂ ಹಾಲ್‌ನಿಂದ ನಾಲ್ಕನೆಯ ಮನೆಯಾದ ನಿಮ್ಮ ಮನೆಯವರೆಗೆ ಜೊತೆಗೆ ಬರಲು ವಾಚ್‌ಮನ್ ಹನುಮಯ್ಯನವರನ್ನು ಕೇಳಿಕೊಂಡಿರಂತೆ. ಇದನ್ನು ಆಡಿಕೊಳ್ಳಲು ಬರೆಯುತ್ತಿಲ್ಲ, ಅಂದರೆ ಸ್ವಲ್ಪ ಮಾತ್ರ ಅದಕ್ಕೂ ಬರೆಯುತ್ತಿದ್ದೇನೆ. ಹೆದರುವುದು ತಪ್ಪಲ್ಲ ಅಧ್ಯಕ್ಷರೇ. ನಿಮಗೆ ಪಕ್ಕದಲ್ಲಿ ಒಬ್ಬರು ಬೇಕಾಯಿತು, ಅಷ್ಟೇ. ಮಕ್ಕಳಿಗೂ ಬೇಕಾಗಿದ್ದದ್ದು ಅಷ್ಟೇ. ಹೆದರಿಕೆಯಾದರೆ ಮುಖ ಮುಚ್ಚಿಕೊಳ್ಳಲು ಅಜ್ಜಿಯ ಸೆರಗು, ಸಾಕು ಅಂದರೆ ಎತ್ತಿಕೊಂಡು ಮನೆಗೆ ಬರಲು ಅಪ್ಪ. ಅದು ಇದೆಯಾ ಎಂದು ನಿಮ್ಮ ನಾಲ್ಕು ಪುಟದಲ್ಲಿ ಎಲ್ಲೂ ಕೇಳಿರಲಿಲ್ಲ.

ಕಳೆದ ಸೋಮವಾರ ಊರಿನಿಂದ ಸೋದರಮಾವ ಮರೆಪ್ಪ ಬಂದರು. ಬೆಲ್ ಆಯಿತು. ತಂಬಿಗೆ ಹಿಡಿದು ಓಡಬೇಕಾದವಳು ಮಂಚದ ಕೆಳಗಿದ್ದಳು. ಮಂಡಿನೋವಿನ ಅವ್ವ ಗೋಡೆ ಹಿಡಿದುಕೊಂಡು ಬಂದು ತಾನೇ ನೀರು ಕೊಟ್ಟಳು. ನಾನು ಬಗ್ಗಿ ಮಗಳನ್ನು ಕರೆದೆ. "ಮೊದಲು ಯಾರು ಅಂತ ಕೇಳಪ್ಪಾ" ಎಂದಳು.

ನನ್ನ ಬೇಡಿಕೆ ಒಂದೇ. ಉಪಸಮಿತಿ ಹಾಗೇ ಇರಲಿ, ಕ್ಷಮಾಪಣೆಯ ನಿರ್ಣಯವೂ ಬೇಡ. ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅದೇ ಬೆಡ್‌ಶೀಟ್ ತೆಗೆದುಕೊಂಡು ನಮ್ಮ ಮನೆಗೆ ಬನ್ನಿ. ಬಿಸಿಲಲ್ಲಿ, ಬಾಗಿಲು ತೆರೆದಿಟ್ಟು, ಅವಳಿಗೆ ಕಾಣುವ ಹಾಗೆ ನಿಂತು ಹೊದ್ದುಕೊಳ್ಳಿ, ತೆಗೆಯಿರಿ. ಮತ್ತೆ ಹೊದ್ದು ಮತ್ತೆ ತೆಗೆಯಿರಿ. ಪಕ್ಕದಲ್ಲಿ ನಾನೂ ನನ್ನ ಬೆಡ್‌ಶೀಟ್ ಹೊದ್ದು ತೆಗೆಯುತ್ತಿರುತ್ತೇನೆ. ಆಮೇಲೆ ಒಳಗೆ ಬಂದು ಕೂತುಕೊಳ್ಳಿ. ಅರ್ಧ ಗಂಟೆ ಹಿಡಿಯಬಹುದು, ಸಂಜೆಯೇ ಆಗಬಹುದು, ಊಟಕ್ಕೆ ರೊಟ್ಟಿ ಇರುತ್ತದೆ. ಅವಳು ಮಂಚದ ಕೆಳಗಿಂದ ಎದ್ದು ಬಂದು ತಂಬಿಗೆ ಚಾಚಿದಾಗ, ದಯವಿಟ್ಟು, ಈ ಸಲ ಬೇಡ ಅನ್ನಬೇಡಿ.

ಇಂತಿ,
ಅರ್ಜಿಯ ಎರಡನೆಯ ಫೋಟೊದಲ್ಲಿ ಬೆಚ್ಚಿಬಿದ್ದಿರುವ
ಸಂಗಮೇಶ
(ಮೇಘಶ್ರೀಯ ಅಪ್ಪ, ಹೆದರಿಕೆಯ ಟ್ಯೂಷನ್ ಮಾಸ್ತರ, ಸದ್ಯ ಆ ಕೆಲಸ ಬಿಟ್ಟಿದ್ದಾನೆ)