ಅಮೆರಿಕದ ಜಗಳ, ಸ್ಯಾಲಿಸ್‌ಬರಿಯ ಊಟದ ಮೇಜು

ಸ್ಯಾಲಿಸ್‌ಬರಿ, ಅಡಿಲೇಡ್
ಭಾನುವಾರ, 11 ನವೆಂಬರ್ 2018

ನನ್ನ ಶ್ರೀಜಾಗೆ, ಹೊಟ್ಟೆಯೊಳಗಿನ ಕೂಸಿಗೂ ಸೇರಿಸಿ, ಅಮ್ಮ ಬರೆಯುವುದು.

ಫೋನ್ ಇರುವಾಗ ಕಾಗದ ಯಾಕೆ ಅಂತ ಹೆದರಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಇದನ್ನ ಮೊದಲೇ ಬರೆದುಬಿಡ್ತೀನಿ, ಇಲ್ಲದಿದ್ದರೆ ಲಕೋಟೆ ನೋಡಿದ ಕೂಡಲೇ ನಿನ್ನ ಬಿ.ಪಿ. ಏರುತ್ತೆ, ಏಳನೇ ತಿಂಗಳಲ್ಲಿ ಅದು ಏರಬಾರದು. ಫೋನಿನಲ್ಲಿ ಮಾತಾಡಿದರೆ ನಿಮ್ಮಪ್ಪನಿಗೆ ಕೇಳಿಸುತ್ತೆ, ಈ ಮನೆಯ ಗೋಡೆ ಅಷ್ಟು ತೆಳು. ಅದೂ ಅಲ್ಲದೆ ಫೋನಿನಲ್ಲಿ ನಾನು ಅಳೋಕೆ ಶುರು ಮಾಡ್ತೀನಿ, ನೀನು ಆಮೇಲೆ ಮಾಡ್ತೀನಮ್ಮ ಅಂತ ಇಟ್ಟುಬಿಡ್ತೀಯ. ಹತ್ತನೇ ವಯಸ್ಸಿಗೇ ಈ ದೇಶಕ್ಕೆ ಬಂದರೂ ನೀನು ಕನ್ನಡ ಓದೋದು ಬಿಟ್ಟಿಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ. ಒತ್ತು ದೀರ್ಘ ತಪ್ಪಿರಬಹುದು. ಏಳನೇ ಕ್ಲಾಸಿನ ಅರ್ಧಕ್ಕೆ ನಿಂತ ಕೈ ಇದು, ಸಹಿಸಿಕೋ.

ಹೋದ ತಿಂಗಳು ನೀನು ಕಳಿಸಿದ ಮೆಸೇಜು ನನಗೆ ಬಾಯಿಪಾಠ ಆಗಿದೆ. ಬಾಣಂತನಕ್ಕೆ ಅಮ್ಮ ಬ್ರಿಸ್ಬೇನಿಗೆ ಬರಲಿ, ಅಪ್ಪನೂ ಬರಲಿ, ಆದರೆ ಅಪ್ಪ ಅಮೆರಿಕದ ರಾಜಕೀಯ ಬಾಗಿಲ ಹೊರಗೆ ಬಿಟ್ಟು ಬರಬೇಕು, ಅಳಿಯ ಸಚಿನನ ಮುಂದೆ ಒಂದು ಮಾತೂ ಎತ್ತಬಾರದು ಅಂತ. ನಿಮ್ಮಪ್ಪ ಅದನ್ನ ಓದಿ, ಚಪ್ಪಲಿ ಬಿಟ್ಟು ಬರ್ತೀನಿ, ನಾಲಗೆ ಬಿಟ್ಟು ಬರೋಕೆ ಆಗಲ್ಲ ಅಂದರು. ನೀನೇ ಹೋಗು ಲೀಲಾ ಅಂದರು. ಫೆಬ್ರವರಿಯಿಂದ ನೀನೂ ಅವರೂ ಮಾತಾಡಿಲ್ಲ. ಒಂಬತ್ತು ತಿಂಗಳಾಯಿತು. ಜನವರಿಯಲ್ಲಿ ಕೂಸು ಬರುತ್ತೆ. ಅಜ್ಜ ಅನ್ನಿಸಿಕೊಳ್ಳೋರು ಅದನ್ನ ಫೋಟೋದಲ್ಲಿ ನೋಡಬೇಕಾ ಅನ್ನೋದೇ ನನಗೆ ಹತ್ತಿಕೊಂಡಿರೋ ಚಿಂತೆ. ಬೇರೆ ಚಿಂತೆಗಳೂ ಇವೆ. ವಿಮಾನದಲ್ಲಿ ಒಬ್ಬಳೇ ಹತ್ತೋದು, ಆ ಬೆಲ್ಟ್ ಹಾಕೋದು, ಬಾಣಂತಿ ಖಾರದ ಪುಡಿಯನ್ನ ಏರ್‌ಪೋರ್ಟಿನಲ್ಲಿ ಕಸಿದುಕೊಳ್ತಾರಾ ಅನ್ನೋದು. ಆದರೆ ಅವೆಲ್ಲ ಇದರ ಹಿಂದೆ ಸಾಲಾಗಿ ನಿಂತಿವೆ.

ಈಗ ನಾನು ಹೇಳೋದನ್ನ ಹೇಳಲ್ಲ ಅಂತ ನಿಮ್ಮಪ್ಪನಿಗೆ ಮಾತು ಕೊಟ್ಟಿದ್ದೆ. ಮಾತು ಮುರೀತಿದೀನಿ. ನೀನು ಅವರಿಗೆ ಗೊತ್ತಾಗದ ಹಾಗೆ ಇರು.

ಹೋದ ವರ್ಷ ಕಾರು ಕಾರ್ಖಾನೆ ಮುಚ್ಚಿದಾಗ, ಅದಕ್ಕೆ ಸೀಟಿನ ಚೌಕಟ್ಟು ಮಾಡಿಕೊಡ್ತಿದ್ದ ನಿಮ್ಮಪ್ಪನ ವರ್ಕ್‌ಶಾಪೂ ಮುಚ್ಚಿತಲ್ಲ, ಆಗ ಅವರು ನಿನಗೆ ಏನು ಹೇಳಿದರು? ಡಿಫೆನ್ಸ್ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಅದು ಗುಟ್ಟಿನ ಕೆಲಸ, ಏನು ಮಾಡ್ತೀನಿ ಅಂತ ಯಾರಿಗೂ ಹೇಳೋ ಹಾಗಿಲ್ಲ ಅಂತ. ನೀನು ಹೆಮ್ಮೆಯಿಂದ ಸಚಿನನ ಮನೆಯವರಿಗೆಲ್ಲ ಹೇಳಿದೆ. ಅಂಥ ಕೆಲಸವೇ ಇಲ್ಲ ಶ್ರೀಜಾ. ಎಲ್ಲೂ ಕರೆಯಲಿಲ್ಲ. ಐವತ್ತೆಂಟು ವರ್ಷದ ಫಿಟ್ಟರ್‌ನನ್ನ ಯಾರು ಕರೀತಾರೆ. ಫೆಬ್ರವರಿಯಲ್ಲಿ ನೀನೂ ಸಚಿನನೂ ಬಂದು ಐದು ದಿನ ಇದ್ದಿರಲ್ಲ, ಬೆಳಗ್ಗೆ ಆರಕ್ಕೆ ಡಬ್ಬಿ ಹಿಡಿದು ಹೊರಡ್ತಿದ್ದರಲ್ಲ, ಎಲ್ಲಿಗೆ ಅಂದುಕೊಂಡೆ? ಲೈಬ್ರರಿ ಬಾಗಿಲು ತೆಗೆಯೋವರೆಗೆ ಕಾರಿನಲ್ಲಿ ಕೂತು, ಆಮೇಲೆ ಲೈಬ್ರರಿಯಲ್ಲಿ ಕೂತು, ಮೂರು ಗಂಟೆಗೆ ಬರ್ತಿದ್ದರು. ನಾನು ಡಬ್ಬಿಗೆ ಚಪಾತಿ ಹಾಕಿಕೊಡ್ತಿದ್ದೆ. ಆ ಪಾಪದಲ್ಲಿ ನನಗೂ ಪಾಲಿದೆ.

ಕೆಲಸ ಹೋದ ಮೇಲೆ ಅವರು ಲ್ಯಾಪ್‌ಟಾಪ್ ಹಿಡಿದರು. ಊರಿನ ಸುದ್ದಿ ನೋಡಿದರೆ ಬೇಜಾರು, ಇಲ್ಲಿಯ ಸುದ್ದಿ ನೋಡಿದರೆ ಮುಚ್ಚಿದ ಕಾರ್ಖಾನೆ. ಅದಕ್ಕೇ ಅಮೆರಿಕ. ಅಲ್ಲಿ ಇಬ್ಬರು ಕೂತು ಕಿರುಚಾಡ್ತಾರೆ, ಒಬ್ಬ ಗೋಡೆ ಕಟ್ಟಬೇಕು ಅಂತ, ಒಬ್ಬ ಬೇಡ ಅಂತ. ಒಬ್ಬ ಎಲ್ಲರ ಮನೆಯಲ್ಲೂ ಬಂದೂಕು ಇರಲಿ ಅಂತ, ಒಬ್ಬ ಎಲ್ಲಾ ಕಿತ್ತುಕೊಳ್ಳಿ ಅಂತ. ಬೆಳಗಿನಿಂದ ಸಂಜೆವರೆಗೆ. ನಾನು ಅನ್ನಕ್ಕಿಡುವಾಗಲೂ ಅಡುಗೆಮನೆಗೆ ಅದೇ ಕೇಳಿಸೋದು. ಯಾವ ಊರೋ ಯಾವ ಜನವೋ, ಅವರ ಜಗಳ ನಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗಿತ್ತು.

ಫೆಬ್ರವರಿಯಲ್ಲಿ ನೀವಿದ್ದ ಆ ರಾತ್ರಿ ಊಟಕ್ಕೆ ಕೂತಾಗ ಟಿ.ವಿ.ಯಲ್ಲಿ ಅಮೆರಿಕದ ಸ್ಕೂಲಿನ ಆ ಗುಂಡಿನ ಸುದ್ದಿ ಬಂತು. ನಿಮ್ಮಪ್ಪ, ಮೇಷ್ಟ್ರ ಕೈಯಲ್ಲಿ ಒಂದು ಬಂದೂಕು ಇದ್ದಿದ್ದರೆ ಇಷ್ಟು ಆಗ್ತಿರಲಿಲ್ಲ ಅಂದರು. ನೀನು, ಒಂದೇ ಒಂದು ಗುಂಡು ಒಳಗೆ ಹೋದರೆ ಏನಾಗುತ್ತೆ ನೋಡಿದೀಯೇನಪ್ಪ, ನಾನು ಎಮರ್ಜೆನ್ಸಿಯಲ್ಲಿ ನರ್ಸು, ನಾನು ನೋಡಿದೀನಿ ಅಂದೆ. ಸಚಿನ ನಕ್ಕು, ಮಾವ ಯೂಟ್ಯೂಬ್ ಯೂನಿವರ್ಸಿಟಿಯಲ್ಲಿ ಡಿಗ್ರಿ ಮಾಡ್ತಿದಾರೆ ಅಂದ. ತಮಾಷೆಗೇ ಅಂದ, ಅವನದು ಕೆಟ್ಟ ಮನಸ್ಸಲ್ಲ. ಆದರೆ ನಿಮ್ಮಪ್ಪನ ಮುಖ ಕಪ್ಪಾಯಿತು. ಅಲ್ಲಿಂದ ಮಾತು ಆಸ್ಪತ್ರೆಗೆ ತಿರುಗಿತು. ದುಡಿಯದೆ ಕೂತವನಿಗೆ ಸರ್ಕಾರ ಯಾಕೆ ಪುಕ್ಕಟೆ ಔಷಧಿ ಕೊಡಬೇಕು, ಅಮೆರಿಕದವರು ಮಾಡೋದೇ ಸರಿ, ದುಡಿದವನಿಗೆ ಚಿಕಿತ್ಸೆ, ಕೂತವನಿಗೆ ಬಾಗಿಲು ಅಂದರು. ನೀನು, ಇಂಥ ಮನುಷ್ಯ ನಮ್ಮಪ್ಪ ಅಂತ ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ ಅಂದೆ. ಅವರು ಎಂಜಲು ಕೈಯಲ್ಲೇ ಎದ್ದು ಹೋದರು. ನೀವು ಒಂದು ದಿನ ಮೊದಲೇ ಹೊರಟಿರಿ.

ಆ ರಾತ್ರಿ ಕೂತು ತಿನ್ನೋನು ಅಂತ ಅವರು ಬೈದದ್ದು ಯಾರನ್ನ? ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಮೊಸರು ಬಡಿಸ್ತಾ ನಿಂತಿದ್ದೆ.

ಪರ್ತಿನ ಮೋರ್ಲಿಯಲ್ಲಿರೋ ನನ್ನ ಗೆಳತಿ ಕಸ್ತೂರಿಗೆ ಫೋನ್ ಮಾಡಿ ಗೋಳು ತೋಡಿಕೊಂಡೆ. ಅವಳ ಗಂಡನಿಗೆ ಗಣಿಯ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಮನೆ. ಅವಳು, ನಮ್ಮ ಮನೆಯಲ್ಲಿ ಜಗಳ ಶುರುವಾಗೋ ಹೊತ್ತಿಗೆ ಅವರ ವಿಮಾನದ ಟೈಮ್ ಆಗಿರುತ್ತೆ ಕಣೆ, ನಿನ್ನ ಗಂಡನನ್ನೂ ಎಲ್ಲಾದರೂ ಕಳಿಸು ಅಂದಳು. ನಗು ಬಂತು. ಆದರೆ ಎಲ್ಲಿಗೆ ಕಳಿಸಲಿ?

ಆಮೇಲೆ ಆಯುಧಪೂಜೆ ಬಂತು. ನಿನಗೆ ನೆನಪಿದೆಯಲ್ಲ, ಪ್ರತಿ ವರ್ಷ ಅವರು ಸ್ಪ್ಯಾನರು, ಸುತ್ತಿಗೆ, ಅಳತೆಯ ಪಟ್ಟಿ ಎಲ್ಲ ಎಣ್ಣೆ ಒರೆಸಿ ಕೆಂಪು ಬಟ್ಟೆಯ ಮೇಲೆ ಜೋಡಿಸೋರು, ಇನ್ನೊಬ್ಬರು ಮುಟ್ಟೋ ಹಾಗಿರಲಿಲ್ಲ. ಈ ಸಲ ಪೆಟ್ಟಿಗೆಯನ್ನೇ ಹೊರಗೆ ತೆಗೆಯಲಿಲ್ಲ. ಏನಕ್ಕೆ ಪೂಜೆ ಮಾಡ್ತೀಯ, ಕೆಲಸವಿಲ್ಲದೆ ಮಲಗಿರೋದಕ್ಕೆ ಯಾರಾದರೂ ಆರತಿ ಎತ್ತುತ್ತಾರಾ ಅಂದರು. ನಾನೇ ಮಾಡಿದೆ. ಕಾರಿಗೆ, ಈಳಿಗೆಗೆ, ಮಿಕ್ಸಿಗೆ ಕುಂಕುಮ ಇಟ್ಟೆ. ಕೊನೆಗೆ ಲ್ಯಾಪ್‌ಟಾಪ್. ಹೂವನ್ನ ನೀರಿನಲ್ಲಿ ಅದ್ದಿ ನಾಲ್ಕು ಹನಿ ಚಿಮುಕಿಸಬೇಕು. ನಾನು ಅರಿಶಿನದ ನೀರಿನ ಚೊಂಬನ್ನೇ ಬಗ್ಗಿಸಿದೆ. ಅವರು ಬಂದು ನೋಡಿದಾಗ ಕೈ ಜಾರಿತು ಅಂದೆ. ಕೈ ಜಾರಿರಲಿಲ್ಲ. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ್ದಕ್ಕೆ ಒಂದು ವಾರ ನಿದ್ದೆ ಬರಲಿಲ್ಲ, ಕೂಸಿಗೆ ಏನಾದರೂ ತಟ್ಟುತ್ತಾ ಅಂತ. ನೀನು ಸ್ಕ್ಯಾನ್ ಚೆನ್ನಾಗಿದೆ ಅಂತ ಕಳಿಸಿದ ಮೇಲೆ ಉಸಿರು ಬಂತು.

ಅವರು ಬೈಯಲಿಲ್ಲ. ಭಕ್ತಿ ಜಾಸ್ತಿ ಆಯಿತು ನಿಂದು ಅಂದರು, ಅಷ್ಟೇ. ಲೈಬ್ರರಿಯ ಬೋರ್ಡಿನಲ್ಲಿ ಮೆನ್ಸ್ ಶೆಡ್ ಅಂತ ಚೀಟಿ ನೋಡಿದ್ದರಂತೆ. ವಯಸ್ಸಾದ ಗಂಡಸರು ಸೇರಿಕೊಂಡು ಮುರಿದದ್ದನ್ನೆಲ್ಲ ರಿಪೇರಿ ಮಾಡೋ ಜಾಗ. ಅಲ್ಲಿಗೆ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರು. ಅದು ಬದುಕಲಿಲ್ಲ. ಆದರೆ ಅಲ್ಲಿ ಒಂದು ಲೇತ್ ಮಿಷನ್ನು ಎರಡು ವರ್ಷದಿಂದ ಕೆಟ್ಟು ನಿಂತಿತ್ತಂತೆ. ನಿಮ್ಮಪ್ಪ ಅದನ್ನ ಸುತ್ತಿ ನೋಡಿ, ಮನೆಗೆ ಬಂದು ಪೆಟ್ಟಿಗೆ ತೆಗೆದುಕೊಂಡು ಹೋದರು. ಸಾಯಂಕಾಲಕ್ಕೆ ಅದು ತಿರುಗ್ತಿತ್ತು. ಈಗ ವಾರಕ್ಕೆ ಮೂರು ದಿನ ಹೋಗ್ತಾರೆ.

ಅಲ್ಲೂ ಅಮೆರಿಕದ್ದೇ ಮಾತಂತೆ, ಚುನಾವಣೆ ಬೇರೆ ಈಗ ತಾನೇ ಮುಗೀತಲ್ಲ. ನನಗೆ ಹೆದರಿಕೆ ಆಯಿತು, ಅಲ್ಲೂ ಎಂಜಲು ಕೈಯಲ್ಲಿ ಎದ್ದು ಬಂದರೆ ಮುಂದೆ ಎಲ್ಲಿಗೆ ಕಳಿಸಲಿ ಅಂತ. ಆದರೆ ಅಲ್ಲಿ ಮರದ ಕೆಲಸ. ಉದ್ದ ಹಲಗೆ ಕುಯ್ಯುವಾಗ ಆ ಕಡೆ ಒಬ್ಬ, ಈ ಕಡೆ ಒಬ್ಬ ಹಿಡಿದಿರಬೇಕು. ಎಷ್ಟೇ ಕೋಪ ಬಂದರೂ ಹಲಗೆ ಬಿಟ್ಟು ಹೋಗೋ ಹಾಗಿಲ್ಲ, ಇನ್ನೊಬ್ಬನ ಕಾಲ ಮೇಲೆ ಬೀಳುತ್ತೆ. ಹಾಗಾಗಿ ಪೂರ್ತಿ ಕೇಳಲೇಬೇಕು ಅಂತ ನಿಮ್ಮಪ್ಪ ನಗ್ತಾ ಹೇಳಿದರು. ಎಷ್ಟು ದಿನವಾಗಿತ್ತು ಅವರು ನಕ್ಕು. ಅಲ್ಲಿ ಕೆವಿನ್ ಅಂತ ಒಬ್ಬರು, ಗೋಧಿ ಬೆಳೀತಿದ್ದ ರೈತರು. ಇಪ್ಪತ್ತೆರಡು ವರ್ಷದ ಹಿಂದೆ ಈ ದೇಶದ ಸರ್ಕಾರ ಕಾನೂನು ಮಾಡಿ ಜನರ ಬಂದೂಕು ವಾಪಸ್ ತಗೊಂಡಾಗ ಅವರಪ್ಪನ ಕಾಲದ ರೈಫಲ್ ಕೊಟ್ಟವರು. ನಿಮ್ಮಪ್ಪ, ನಿಮಗೆ ಅನ್ಯಾಯ ಆಯಿತು ಅಂದರಂತೆ. ಅದಕ್ಕೆ ಕೆವಿನ್ ನಿಮ್ಮಪ್ಪನ ಹೆಸರು ಹಿಡಿದು, ಹೌದು ಸಿಟ್ಟು ಇನ್ನೂ ಇದೆ, ಆದರೆ ಈರಣ್ಣ, ಇಷ್ಟು ವರ್ಷದಲ್ಲಿ ಆ ರೈಫಲ್ ಒಂದು ದಿನವೂ ಬೇಕಾಗಲಿಲ್ಲ, ನನ್ನ ಮೊಮ್ಮಕ್ಕಳು ಸ್ಕೂಲಿಗೆ ಹೋಗಿ ಬರ್ತಾರೆ, ಸಿಟ್ಟು ನಾನು ಇಟ್ಟುಕೊಳ್ತೀನಿ, ಅವರು ಹೋಗಿ ಬರಲಿ ಅಂದರಂತೆ. ನಿಮ್ಮಪ್ಪ ಇದನ್ನ ಹೇಳಿ, ಮತ್ತೆ ಮೊದಲಿಂದ ಹೇಳಿದರು. ಈಗ ಅವರು ಬಂದೂಕಿನ ವಿಷಯ ಪೂರ್ತಿ ಒಪ್ಪಿಕೊಂಡಿದಾರೆ ಅಂತಲೇ ನನಗೆ ಅನ್ನಿಸುತ್ತೆ.

ಆ ಹೊತ್ತಿಗೆ ನನಗೆ ಎಲ್ಲಿಂದ ಧೈರ್ಯ ಬಂತೋ, ನನಗೂ ಒಂದು ಅಭಿಪ್ರಾಯ ಇದೆ ಅಂದೆ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ಆ ಮಾತು ನಾನು ಆಡಿದವಳಲ್ಲ. ಫೆಬ್ರವರಿಯಲ್ಲಿ ನೀನೂ, ಅಮ್ಮ ನಿನಗೆ ಇದೆಲ್ಲ ಅರ್ಥ ಆಗಲ್ಲ, ಒಳಗೆ ಹೋಗು ಅಂದಿದ್ದೆ. ತಪ್ಪು ಅಂತ ಎತ್ತಿ ಆಡ್ತಿಲ್ಲ, ನೀನು ಸಿಟ್ಟಿನ ಬಿಸಿಯಲ್ಲಿದ್ದೆ. ಆದರೆ ಅರ್ಥ ಆಗುತ್ತೆ. ನನ್ನ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಲಕ್ವ ಹೊಡೆದಾಗ ಆಸ್ಪತ್ರೆಯವರು ಮುಂಗಡ ಕಟ್ಟಿ ಅಂದರು. ಕಟ್ಟೋಕೆ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ಹೇಗೆ ಕರೆದುಕೊಂಡು ಹೋದೆವೋ ಹಾಗೇ ವಾಪಸ್ ಕರೆದುಕೊಂಡು ಬಂದೆವು. ಮಗ್ಗುಲು ತಿರುಗಿಸೋಕೆ ಒಬ್ಬರು ಬೇಕಿತ್ತು, ಮನೆಯಲ್ಲಿ ಹೆಣ್ಣು ಅಂದರೆ ನಾನೇ, ನನಗೆ ಹನ್ನೆರಡು. ಹಾಗೆ ನಿಂತಿದ್ದು ಸ್ಕೂಲು. ಮೂರು ವರ್ಷ ತಿರುಗಿಸಿದೆ. ಅವಳು ಹಗಲೂ ರಾತ್ರಿ ದುಡಿದವಳೇ, ಕೂತು ತಿಂದವಳಲ್ಲ. ಬಾಗಿಲಲ್ಲಿ ಕೂತ ಗುಮಾಸ್ತನಿಗೆ ಅದು ಹೇಗೆ ಗೊತ್ತಾಗಬೇಕು? ಯಾರು ದುಡಿದರು ಯಾರು ಕೂತರು ಅಂತ ಆಸ್ಪತ್ರೆಯ ಬಾಗಿಲಲ್ಲಿ ಕೇಳಬಾರದು. ಅಮೆರಿಕವಾದರೂ ಅಷ್ಟೇ, ಎಲ್ಲಾದರೂ ಅಷ್ಟೇ. ಇದೇ ನನ್ನ ಅಭಿಪ್ರಾಯ.

ನಿಮ್ಮಪ್ಪನಿಗೆ ನಾನು ಏಳರವರೆಗೆ ಓದಿದವಳು ಅಂತ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಲೋಟ ಕೆಳಗಿಟ್ಟರು. ಅವತ್ತೇ ಹೇಳಬಹುದಿತ್ತಲ್ಲ ಅಂದರು. ಯಾರು ಕೇಳಿದಿರಿ ಅಂದೆ. ಮಾರನೇ ದಿನ ಬೆಳಗ್ಗೆ ಅವರೇ ಕಾಫಿ ಮಾಡಿ ತಂದು, ನಾನು ಅವತ್ತು ಆಡಿದ್ದು ಕೆಟ್ಟ ಮಾತು ಅಂದರು. ನನಗೆ ಅಂದರು. ನಿನಗೆ ಅನ್ನಬೇಕು ಅಂತ ಅವರಿಗಿದೆ, ಫೋನ್ ಕೈಗೆ ತಗೊಂಡು ಇಡೋದನ್ನ ಎರಡು ಸಲ ನೋಡಿದೆ.

ನಾನು ಕೇಳೋದು ಇಷ್ಟೇ. ಆ ಷರತ್ತು ವಾಪಸ್ ತಗೋ. ಬಾಯಿ ಮುಚ್ಚಿಕೊಂಡು ಬಾ ಅಂದರೆ ಅವರು ಬರಲ್ಲ, ಬಂದರೂ ಆ ಮನುಷ್ಯ ಬಂದ ಹಾಗಲ್ಲ. ವಾದ ಮಾಡಲಿ, ನೀನೂ ಮಾಡು, ಸಚಿನನೂ ಮಾಡಲಿ. ನಾನೂ ಮಾಡ್ತೀನಿ. ಕೂಸಿನ ಒಂದು ತುದಿ ನೀನು ಹಿಡಿ, ಒಂದು ತುದಿ ಅವರು ಹಿಡೀಲಿ, ಆಮೇಲೆ ಎದ್ದು ಹೋಗಿ ನೋಡೋಣ. ಕೆಲಸದ ವಿಷಯ ನಿನಗೆ ಗೊತ್ತು ಅಂತ ಮಾತ್ರ ತೋರಿಸಿಕೊಳ್ಳಬೇಡ, ಅವರಾಗಿ ಹೇಳಲಿ.

ಹಸಿ ಪರಂಗಿಕಾಯಿ ಮುಟ್ಟಬೇಡ. ಎಡ ಮಗ್ಗುಲಲ್ಲಿ ಮಲಗು. ಸಚಿನ ಕಾರು ಜೋರಾಗಿ ಓಡಿಸದ ಹಾಗೆ ನೋಡಿಕೋ. ಕಾಗದ ಸಿಕ್ಕ ಕೂಡಲೇ, ಬನ್ನಿ ಅಂತ ಒಂದು ಪದ ಕಳಿಸು. ಬರೀ ಬಾ ಅಂತ ಬೇಡ.

ನಿನ್ನ ಉತ್ತರದ ದಾರಿ ನೋಡ್ತಾ ಕೂತಿರುವ ಅಮ್ಮ,
ಲೀಲಾ

ಆಮೇಲೆ ಬರೆದದ್ದು: ಇದನ್ನ ಅಂಟಿಸಿ ಸ್ಟಾಂಪ್ ಹುಡುಕೋಕೆ ಒಳಗೆ ಹೋಗಿದ್ದೆ, ಬರೋ ಹೊತ್ತಿಗೆ ನಿಮ್ಮಪ್ಪ ಲಕೋಟೆ ಬಿಚ್ಚಿ ಕನ್ನಡಕ ಹಾಕಿಕೊಂಡು ಓದ್ತಿದ್ದರು. ಸ್ಟಾಂಪ್ ಹಿಡಿದು ಅಲ್ಲೇ ನಿಂತೆ. ಕೊನೇವರೆಗೂ ಓದಿದರು. ಡಬ್ಬಿಯ ವಿಷಯಕ್ಕೆ ಏನೂ ಅನ್ನಲಿಲ್ಲ, ಅರಿಶಿನದ ನೀರಿಗೂ ಏನೂ ಅನ್ನಲಿಲ್ಲ. ಒಂದು ಕಡೆ ಸುಳ್ಳು ಬರೆದಿದೀಯ, ಬಂದೂಕಿನ ವಿಷಯ ನಾನು ಪೂರ್ತಿ ಒಪ್ಪಿಲ್ಲ, ಅರ್ಧ ಒಪ್ಪಿದೀನಿ, ಅದನ್ನ ತಿದ್ದು ಅಂದರು. ಹೊಡೆದು ಹಾಕಿದರೆ ಗಲೀಜಾಗುತ್ತೆ ಅಂತ ಇಲ್ಲೇ ಬರೀತಿದೀನಿ. ಆಮೇಲೆ ಬಾಗಿಲವರೆಗೆ ಹೋದವರು ವಾಪಸ್ ಬಂದು, ಸಚಿನ ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಾನೆ ಕೇಳು, ಉಳಿದ ಅರ್ಧದ ವಾದಕ್ಕೆ ಟೈಮ್ ಬೇಕಾಗುತ್ತೆ ಅಂದರು.