ಒಲೆಯ ಇದ್ದಿಲು ಸಾಲದು

ಕೊಳ್ಳೇಗಾಲ

ಲೊಕ್ಕನಹಳ್ಳಿಯ ಅಕ್ಕನಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ತೆಂಗಿನ ಚಿಪ್ಪು ಸುಟ್ಟು, ನೀರು ಸೋಸುವ ಇದ್ದಿಲು ಮಾಡುವುದು ನನ್ನ ಕೆಲಸ. ನಿನ್ನೆ ರೇಷ್ಮೆಗೆ ಬಣ್ಣ ಹಾಕಿದ ಕೆಂಪು ನೀರು ಅದರೊಳಗೆ ಇಳಿದು ತಿಳಿಯಾಗಿ ಬಂತು. ಕುಡಿಯಲು ಬೊಗಸೆ ಒಡ್ಡಿದೆ. ಜೊತೆಗೆ ಕೆಲಸ ಮಾಡುವ ಕೇತಮ್ಮ ಕೈಗೆ ಹೊಡೆದು ರೇಗಿದರು: "ಬಣ್ಣ ಓಯ್ತು ಅಂತ ಇಸ ಓಯ್ತಾ? ಸೀಸ ಕಣ್ಣಿಗೆ ಕಾಣಕ್ಕಿಲ್ಲ ಕಣವ್ವ!" ಎಲ್ಲರೂ ನಕ್ಕರು. ಬಂದು ಹದಿನೈದು ದಿನಕ್ಕೆ ನನ್ನೊಡನೆ ಯಾರಾದರೂ ಮಾತಾಡಿದ್ದು ಅದೇ ಮೊದಲು.

ನಮ್ಮೂರ ಬೋರಿನ ನೀರಲ್ಲಿ ಸೀಸವಿದೆ ಎಂದು ತಿಳಿದಾಗ, ಒಲೆಯ ಇದ್ದಿಲು ಹಾಕಿ ಕುಡಿ ಎಂದವಳು ನಾನೇ. ಅದು ಸಾಲದಂತೆ. ಬಸುರಿ ನೀನು, ಟ್ಯಾಂಕರ್ ನೀರು ಮಾತ್ರ ಕುಡಿ. ನಾನು ಆರೋಗ್ಯವಾಗಿದ್ದೇನೆ.

ಈ ಕಾರ್ಡು ನಿನಗೆ ಓದಿ ಹೇಳುವವರನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಬಿಂದಿಗೆಯಲ್ಲಿರುವ ಬೋರಿನ ನೀರು ಚೆಲ್ಲಿ ಬಾ.

ಪವಿತ್ರ